ಪುಣೆಯಿಂದ ಹಾಕಿದ ಬೀಗ

ನೌಬಾದ, ಬೀದರ
೨೬ ಜೂನ್ ೨೦೧೬

ಪ್ರೀತಿಯ ಅಣ್ಣಾ,

ಜೈಭೀಮ. ನೀನು, ವೈನಿ, ಪುಟ್ಟಿ ಎಲ್ಲರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಸೊಂಟನೋವು ಹೇಗಿದೆ? ಸೈಟಿನಲ್ಲಿ ದಿನವಿಡೀ ನಿಂತೇ ಇರಬೇಡ, ನೆರಳು ಕಂಡಲ್ಲಿ ಸ್ವಲ್ಪ ಕೂತುಕೋ. ಅವ್ವನ ಮಂಡಿ ಮೊದಲಿನ ಹಾಗೇ ಇದೆ. ಅಪ್ಪ ದಿನಾ ಟ್ಯಾಂಕರಿನ ಮುಂದೆ ಕೊಡ ಇಟ್ಟು, ಓಣಿಯವರ ಜೊತೆ ಜಗಳ ತೆಗೆದು, ಖುಷಿಯಿಂದ ಮನೆಗೆ ಬರುತ್ತಾರೆ. ಅವರ ಆರೋಗ್ಯದ ಚಿಂತೆ ಬೇಡ. ಮಳೆ ಈಗ ಶುರುವಾಗಿದೆ, ನಂಬುವ ಹಾಗಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಾನು ದನಿ ಏರಿಸಿದ ಕೂಡಲೇ ನೀನು ಅದನ್ನು ವೈನಿಯ ಕೈಗೆ ಕೊಡುತ್ತೀ. ಪಾಪ, ಅವರು ನನ್ನ ಬೈಗುಳವನ್ನೆಲ್ಲ ಕೇಳಿ, ಊಟ ಆಯಿತಾ ಎಂದು ವಿಚಾರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಸಿಟ್ಟು ಬಂದಿದೆ ಅಣ್ಣಾ. ಏಪ್ರಿಲ್‌ನಲ್ಲಿ ಬಂದದ್ದು ಇನ್ನೂ ಇಳಿದಿಲ್ಲ.

ನೀನು ಪುಣೆಗೆ ಹೋದದ್ದಕ್ಕೆ ನನ್ನ ತಕರಾರಿಲ್ಲ. ಕುಡಿಯಲು ನೀರಿಲ್ಲದ ಊರಲ್ಲಿ ಸಿಮೆಂಟು ಕಲಸುವವರು ಯಾರು? ಮನೆ ಕಟ್ಟುವವರೇ ಇಲ್ಲವಾದ ಮೇಲೆ ನಮ್ಮ ಆಫೀಸಿಗೆ ಬಂದು ಮನೆಯ ನಕ್ಷೆ ಬರೆಸುವವರು ಎಲ್ಲಿಂದ ಬರಬೇಕು? ಹೊರಡುವಾಗ ನೀನು ಬಸ್ಸಿನ ಕಿಟಕಿಯಿಂದ "ಆಫೀಸು ಇನ್ನ ನಿಂದೇ, ನಿನಗ ತಿಳಿದಂಗ ಮಾಡು" ಎಂದೆ. ನಾನು ಆ ಮಾತನ್ನು ನಂಬಿದೆ. ಹಳೆಯ ಲೈಸೆನ್ಸ್ ಸರ್ವರ್ ಕೆಟ್ಟು ಹೊಸದು ತಂದಾಗಲೂ ಅದೇ ನಂಬಿಕೆಯಲ್ಲಿದ್ದೆ. ಮೂಲೆಯ ಆ ಒಂದು ಯಂತ್ರ ಅನುಮತಿ ಕೊಟ್ಟರೆ ಮಾತ್ರ ಉಳಿದ ಕಂಪ್ಯೂಟರುಗಳಲ್ಲಿ ನಕ್ಷೆಯ ಸಾಫ್ಟ್‌ವೇರ್ ತೆರೆಯುತ್ತದೆ, ಅದು ಮಲಗಿದರೆ ಇಡೀ ಆಫೀಸು ಮಲಗಿದಂತೆ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಮಾಡಿದೆ ಎಂದೇ ಹೇಳುತ್ತಿದ್ದೇನೆ.

ಯಾವ ಆಪರೇಟಿಂಗ್ ಸಿಸ್ಟಮ್ ಹಾಕಬೇಕೆಂದು ನಾನು ಕಣ್ಣು ಮುಚ್ಚಿ ಆರಿಸಲಿಲ್ಲ. ಸಾಫ್ಟ್‌ವೇರ್ ಕಂಪನಿಯವರನ್ನು ಕೇಳಿದೆ, ವಿಂಡೋಸ್ ಆದರೂ ಸರಿ, ಲಿನಕ್ಸ್ ಆದರೂ ಸರಿ ಎಂದರು. ಎರಡನ್ನೂ ಹಾಕಿ ನೋಡಿದೆ. ವಿಂಡೋಸ್ ಕೆಟ್ಟದ್ದೆಂದು ನಾನು ಯಾವತ್ತೂ ಹೇಳಿಲ್ಲ. ನನಗೆ ಚೆನ್ನಾಗಿ ಕೈ ಕೂತದ್ದು ಲಿನಕ್ಸ್, ನಾವು ತಂದ ಸಣ್ಣ ಯಂತ್ರಕ್ಕೆ ಹಗುರವಾದದ್ದೂ ಅದೇ. ನಮ್ಮಲ್ಲಿ ಕರೆಂಟು ಹೋಗುವುದು ಬರುವುದು ನಿನಗೆ ಗೊತ್ತೇ ಇದೆ. ಹೋಗಿ ಬಂದ ಕೂಡಲೇ ಯಾರೂ ಮುಟ್ಟದೆ ತಾನೇ ಎದ್ದು ಲೈಸೆನ್ಸ್ ಹಂಚುವ ಹಾಗೆ ಅದನ್ನು ಸಿದ್ಧಮಾಡಿದ್ದೆ. ನಮ್ಮಲ್ಲಿ ನಕ್ಷೆ ತೆಗೆಯುವ ಕುಬರಾ ಅದನ್ನು "ಮರ್ಯಾದಿ ಇರೋ ಸರ್ವರ್" ಎಂದು ಕರೆಯುತ್ತಿದ್ದಳು.

ಅಂಥದ್ದನ್ನು ನೀನು ಪುಣೆಯಲ್ಲಿ ಕೂತು, ಆಫೀಸಿಗೆ ರಜೆ ಇದ್ದ ದಿನ, ಕಂಪ್ಯೂಟರ್ ರಿಪೇರಿಯ ರಶೀದ ಅಹ್ಮದನಿಗೆ ಫೋನ್ ಮಾಡಿ ಅಳಿಸಿ ಹಾಕಿಸಿದೆ. ಕೀಲಿ ಅಪ್ಪನೇ ಕೊಟ್ಟರಂತೆ. ರಶೀದ ವಿಂಡೋಸ್ ಹಾಕಿದ. ಹಾಕುವುದಾದರೆ ನೆಟ್ಟಗೆ ಹಾಕಬೇಕಲ್ಲ! ಯಾರಾದರೂ ಪಾಸ್‌ವರ್ಡ್ ಒತ್ತಿ ಒಳಗೆ ಹೋದರೆ ಮಾತ್ರ ಲೈಸೆನ್ಸ್ ಶುರುವಾಗುವ ಹಾಗೆ ಮಾಡಿಟ್ಟು ಹೋದ. ಆ ಪಾಸ್‌ವರ್ಡನ್ನು ನೀನು ಪುಣೆಯಿಂದಲೇ ಇಂಟರ್ನೆಟ್ ಮೂಲಕ ಇಟ್ಟು ಯಾರಿಗೂ ಹೇಳಲಿಲ್ಲ. ಮರುದಿನ ನಾನು ನೋಡಿ ಕೇಳಿದರೆ ನಿನ್ನ ಉತ್ತರ ಏನು? "ನಿನ್ನ ಲಿನಕ್ಸ್ ಅಂದ್ರ ಕರಿ ಪರದಿ ಮ್ಯಾಲ ಬಿಳಿ ಅಕ್ಷರ, ನನಗ ಇಲ್ಲಿಂದ ಏನೂ ತಿಳಿಯಂಗಿಲ್ಲ. ಈಗ ನಡದದಲ್ಲ? ಮತ್ತ ಯಾಕ ಕೈ ಹಚ್ತಿ?" ಪಾಸ್‌ವರ್ಡ್ ಕೇಳಿದರೆ "ಆಮ್ಯಾಗ ಹೇಳ್ತೇನಿ" ಎಂದು ಫೋನ್ ಇಟ್ಟುಬಿಟ್ಟೆ.

ಅದೇ ವಾರ ಠಾಣಾ ಕುಶನೂರಿನ ವೈಜಿನಾಥ ಕಾಕಾ ಬಂದಿದ್ದರು. ಅವರ ಓಣಿಯ ಬೋರುಗಳೆಲ್ಲ ಬತ್ತಿದ್ದವು. ಊರಾಚೆಯ ಹೊಲದ ಬಾವಿಯಲ್ಲಿ ನೀರಿತ್ತು, ಹೊಲದವರು ಕೊಡಲು ಒಪ್ಪಿದ್ದರು. ಅಲ್ಲಿಂದ ಓಣಿಗೆ ಪೈಪ್ ತರುವ ನಕ್ಷೆಯನ್ನು ನಾವೇ ತೆಗೆದಿದ್ದೆವು. ಪೈಪು ಹೊಲ ಸೀಳಿ ಹೋಗುವುದು ಬೇಡ, ರಸ್ತೆಯ ಬದಿಗೆ ಹಿಡಿಯಿರಿ ಎಂದು ಇಂಜಿನಿಯರ್ ಹೇಳಿದ್ದರಿಂದ ಅದೊಂದನ್ನು ತಿದ್ದಬೇಕಿತ್ತು. ಮಧ್ಯಾಹ್ನ ಔರಾದದ ತಾಲ್ಲೂಕು ಆಫೀಸಿನಲ್ಲಿ ಮಂಜೂರಿಯ ಸಭೆ. ಟೀ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಬೆಳಿಗ್ಗೆ ಕರೆಂಟು ಹೋಯಿತು, ಬಂತು. ಸರ್ವರ್ ಎದ್ದು ಪಾಸ್‌ವರ್ಡ್ ಕೇಳುತ್ತ ನಿಂತಿತು. ಎಲ್ಲ ಕಂಪ್ಯೂಟರುಗಳಲ್ಲೂ ಲೈಸೆನ್ಸ್ ಇಲ್ಲ ಎಂಬ ಒಂದೇ ಮಾತು.

ನಿನಗೆ ಎಷ್ಟು ಸಲ ಫೋನ್ ಮಾಡಿದೆನೋ, ನೀನು ಎತ್ತಲಿಲ್ಲ. ರಶೀದ ಹೈದರಾಬಾದಿಗೆ ಸಾಮಾನು ತರಲು ಹೋಗಿದ್ದ. "ಪಾಸ್‌ವರ್ಡ್ ಭಾಯ್ ಬಲ್ಲಿ ಅದರಿ" ಎಂದು ಫೋನಿನಲ್ಲೇ ನಿನ್ನ ಹೆಸರು ಹೇಳಿ ಕೈ ತೊಳೆದುಕೊಂಡ. ವೈಜಿನಾಥ ಕಾಕಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಕುಡಿಯಲು ನೀರು ಕೊಟ್ಟರೆ "ನಿಮ್ದೂ ಟ್ಯಾಂಕರ್ ನೀರೇ ಅಲ್ಲೇನು, ಇರಲಿ ಬಿಡು" ಎಂದು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಕೇಳಿದರು: "ನಕ್ಷಾ ಒಳಗ ಅದ ಅಂತಿ, ತೆಗಿಲಿಕ್ಕ ಬರಂಗಿಲ್ಲ ಅಂತಿ. ಹಂಗಾದ್ರ ಕೀಲಿ ಯಾರ ಬಲ್ಲಿ ಅದ ಮಗಳ?"

"ಅಣ್ಣನ ಬಲ್ಲಿರಿ, ಪುಣೆದಾಗ" ಎಂದೆ. ಹೇಳುವಾಗ ನನ್ನ ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ.

ಹಿಂದಿನ ನಕ್ಷೆಯ ಒಂದು ಪ್ರತಿ ಕಪಾಟಿನಲ್ಲಿತ್ತು. ಕುಬರಾ ಅದರ ಮೇಲೆಯೇ ಸ್ಕೇಲು ಹಿಡಿದು ಮಸಿಯಲ್ಲಿ ಪೈಪಿನ ದಾರಿ ತಿದ್ದಿದಳು. ನಾವಿಬ್ಬರೂ ಕಾಕಾನ ಜೊತೆ ಔರಾದಕ್ಕೆ ಓಡಿದೆವು. ಅಲ್ಲಿಯವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಹಿಂಗ ಕೈಲೆ ತಿದ್ದಿದ್ದು ನಡಿಯಂಗಿಲ್ಲರಿ. ಕಂಪ್ಯೂಟರಿಂದು ತಗೊಂಡು ಮುಂದಿನ ಸಭಾಕ್ಕ ಬರ್ರಿ" ಎಂದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಬೈಯಬೇಕಾದವನು ಫೋನ್ ಎತ್ತುತ್ತಿರಲಿಲ್ಲ.

ಮುಂದಿನ ಸಭೆ ಮೇ ತಿಂಗಳಲ್ಲಿ ಆಯಿತು. ಮಂಜೂರಿ ಬಂದು, ಪೈಪು ಹಾಕಿ, ಈ ತಿಂಗಳು ನಲ್ಲಿಯಲ್ಲಿ ನೀರು ಬಿತ್ತು. ನಾನೂ ಹೋಗಿದ್ದೆ. ಕೊಡ ಹಿಡಿದು ಬಂದವರು ಬಹಳ ಇರಲಿಲ್ಲ. ಆ ಓಣಿಯ ಎಷ್ಟೋ ಮನೆಗಳವರು ಮೇ ಬಿಸಿಲಿಗೆ ಸೋತು ಹೈದರಾಬಾದಿಗೆ ದುಡಿಯಲು ಹೋಗಿದ್ದಾರೆ, ಕಾಕಾನ ಮಗ ಸೊಸೆಯೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದಾರೆ. "ನಿನ್ನ ಮ್ಯಾಲ ಸಿಟ್ಟಿಲ್ಲ ಮಗಳ. ಅವಾಗೇ ನೀರು ಬಂದಿದ್ರ ಸೊಸಿ ಹೋಗ್ತಿರಲಿಲ್ಲ, ಅಷ್ಟೇ" ಎಂದರು. ಅವರು ಒಂದು ಮಾತು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಔರಾದದಿಂದ ವಾಪಸ್ ಬಂದ ಸಂಜೆ ನೀನು ಫೋನ್ ಮಾಡಿ ಪಾಸ್‌ವರ್ಡ್ ಹೇಳಿದೆ. ವಿಶಾಖಾ. ನನ್ನ ಹೆಸರು! ಬೆಳಿಗ್ಗೆಯಿಂದ ಪುಟ್ಟಿಯ ಹೆಸರು, ವೈನಿಯ ಹೆಸರು, ಊರಿನ ಹೆಸರು ಎಲ್ಲ ಒತ್ತಿ ನೋಡಿದ್ದೆ, ನನ್ನದು ಹೊಳೆದಿರಲಿಲ್ಲ. ನಿನ್ನ ಪ್ರೀತಿ ನನಗೆ ಗೊತ್ತು ಅಣ್ಣಾ. ನನ್ನ ಹೆಸರನ್ನೇ ಬೀಗ ಮಾಡಿ, ನನಗೇ ಹೇಳದೆ ಕೂತೆಯಲ್ಲ, ಈ ಪ್ರೀತಿಯನ್ನು ನಾನು ಏನು ಮಾಡಲಿ? ಯಾಕೆ ಬದಲಿಸಿದೆ ಎಂದು ಕೇಳಿದಾಗ ನೀನು ನಗುತ್ತ ಹೇಳಿದೆ: "ನಾಳಿ ನೀ ಲಗ್ನ ಆಗಿ ಹೋದ್ರ ನಿನ್ನ ಲಿನಕ್ಸ್ ಯಾರು ನೋಡ್ಕೋಬೇಕು?" ಹೋಗುವವಳು ನಾನು, ಇರುವವನು ನೀನು ಎಂದು ಯಾವಾಗ ತೀರ್ಮಾನವಾಯಿತು? ಊರು ಬಿಟ್ಟು ಹೋದವನು ನೀನು. ಯಂತ್ರದ ಪಕ್ಕ ಕೂತು, ಅದರ ಧೂಳು ಒರೆಸಿ, ಕರೆಂಟು ಹೋದಾಗ ಎದೆ ಹಿಡಿದುಕೊಳ್ಳುವವಳು ನಾನು. ಆರಿಸುವ ಹಕ್ಕು ಮಾತ್ರ ನಿನಗೆ?

ಮರುದಿನವೇ ಲಿನಕ್ಸ್ ಮತ್ತೆ ಹಾಕಿದೆ. ಈ ಸಲ ಕುಬರಾಳಿಗೂ ಕಲಿಸಿದೆ, ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿದೆ. ನಿನಗೂ ಬೇಕಾದರೆ ನನ್ನನ್ನು ಕೇಳು, ಹೇಳುತ್ತೇನೆ. ಹೇಳದೇ ಇರುವ ಚಟ ನನಗಿಲ್ಲ. ರಶೀದನಿಗೆ ಆಫೀಸಿನ ಮೆಟ್ಟಿಲು ಹತ್ತಬೇಡ ಎಂದಿದ್ದೇನೆ. ಆಫೀಸಿನ ಕೀಲಿಯನ್ನೂ ಅಪ್ಪನಿಂದ ವಾಪಸ್ ತೆಗೆದುಕೊಂಡೆ. ಅವರು ಆ ದಿನ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಇಷ್ಟು ಬರೆದರೂ ಮನಸ್ಸು ತಣ್ಣಗಾಗಿಲ್ಲ. ಆದರೂ ಅವ್ವ ತೊಗರಿಬೇಳೆ, ರೊಟ್ಟಿಗೆ ಖಾರದ ಹಿಂಡಿ ಕಟ್ಟಿಟ್ಟಿದ್ದಾಳೆ. ಪುಣೆಗೆ ಬರುವ ನರಸಿಂಗನ ಕೈಯಲ್ಲಿ ಕಳಿಸುತ್ತೇನೆ. ವೈನಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ನೀನು ಮೈ ಕಾಪಾಡಿಕೋ.

ನಿನ್ನ ತಂಗಿ,
ವಿಶಾಖಾ

ತಾ.ಕ.: ನರಸಿಂಗ ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ನೋಡಿದ ಭಾಲ್ಕಿಯ ಸಂಬಂಧದವರು, ಲಗ್ನವಾದ ಮೇಲೆ ಹುಡುಗಿ ಆಫೀಸು ಬಿಡಬೇಕು ಎಂದರಂತೆ. ನೀನು ನನ್ನನ್ನು ಒಂದು ಮಾತೂ ಕೇಳದೆ ಹೂಂ ಎಂದೆಯಂತೆ. ಮೊನ್ನೆ ನಾನೇ ಭಾಲ್ಕಿಗೆ ಹೋಗಿ, ಹುಡುಗನ ತಾಯಿ ಕಾಂತಾಬಾಯಿಯವರ ಎದುರು ಕೂತು, ಈ ಸಂಬಂಧ ಬೇಡವೆಂದು ಹೇಳಿ ಬಂದೆ. ಒಳ್ಳೆಯ ಹೆಂಗಸು, ಚಹಾ ಕುಡಿಸಿಯೇ ಕಳಿಸಿದರು. ಅಪ್ಪ ಅವ್ವನಿಗೆ ಇನ್ನೂ ಗೊತ್ತಿಲ್ಲ. ಹೂಂ ಎಂದವನು ನೀನು, ಅವರಿಗೆ ಹೇಳುವವನೂ ನೀನೇ.