ಎರಡನೇ ಗೋಲ್‌ಕೀಪರನನ್ನು ದಯವಿಟ್ಟು ಕೈಬಿಡಿ

ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ತರಬೇತುದಾರರಿಗೆ,

ಮಾನ್ಯರೇ,

ಇವತ್ತು ಬೆಳಿಗ್ಗೆ ತಂತಿಯ ಮೇಲೆ ಒಣಗಿದ್ದ ಅಣ್ಣನ ಕೈಗವಸುಗಳನ್ನು ತೆಗೆಯುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಗೋಲ್‌ಕೀಪರನ ಕೈಗವಸು ಸವೆಯುವುದು ಅಂಗೈಯಲ್ಲಿ. ಅಣ್ಣ ಅಭ್ಯಾಸಕ್ಕೆ ಹಾಕಿಕೊಳ್ಳುವ ಜೋಡಿ ಹಾಗೆಯೇ ಸವೆದಿದೆ. ಆದರೆ ಇದು ಪಂದ್ಯದ ಜೋಡಿ. ಇದರ ಅಂಗೈ ಅಂಗಡಿಯಿಂದ ತಂದ ದಿನದ ಹಾಗೆಯೇ ಇದೆ. ಮಣಿಕಟ್ಟಿನ ಪಟ್ಟಿ ಮಾತ್ರ ನೂಲು ಬಿಟ್ಟು ಜೋತಾಡುತ್ತಿದೆ. ಬದಲಿ ಆಟಗಾರರ ಬೆಂಚಿನ ಮೇಲೆ ಕೂತು, ಪಂದ್ಯ ಮುಗಿಯುವವರೆಗೆ ಆ ಪಟ್ಟಿಯನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಎರಡು ವರ್ಷದಲ್ಲಿ ಅವನು ಆಡಿದ ಆಟ ಇಷ್ಟೇ.

ನಾನು ನಿಮ್ಮ ಎರಡನೇ ಗೋಲ್‌ಕೀಪರನ ತಂಗಿ. ಅವನನ್ನು ಆಡಿಸಿ ಎಂದು ಕೇಳಲು ಬರೆಯುತ್ತಿಲ್ಲ. ಆ ಮಾತು ನಿಮ್ಮ ಕಿವಿಗೆ ಸಾಕಷ್ಟು ಬಿದ್ದಿದೆ. ನನ್ನ ಬೇಡಿಕೆ ಬೇರೆ: ಅವನನ್ನು ತಂಡದಿಂದ ತೆಗೆದುಹಾಕಿ.

ಈ ಪತ್ರಿಕೆಯ ಓದುಗರಲ್ಲಿ ಕೆಲವರಿಗೆ ನಿಮ್ಮ ಕ್ಲಬ್ಬಿನ ಪದ್ಧತಿ ಗೊತ್ತಿರಲಿಕ್ಕಿಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ಟಿಕೆಟ್ ಕಿಟಕಿಯ ಗಾಜಿಗೆ ಒಳಗಿನಿಂದ ಒಂದು ಹಾಳೆ ಅಂಟಿಸುತ್ತಾರೆ. ಅದರಲ್ಲಿ ಹದಿನೆಂಟು ಹೆಸರು. ಮೊದಲ ಹನ್ನೊಂದು ಮಂದಿ ಆಡುವವರು, ಮಿಕ್ಕ ಏಳು ಮಂದಿ ಕಾಯುವವರು. ಆ ಹಾಳೆಯಲ್ಲಿ ಹೆಸರಿರುವ ಯಾರೂ ಪಂದ್ಯಗಳ ಋತು ಮುಗಿಯುವ ತನಕ ಕ್ಲಬ್ ಬಿಡುವಂತಿಲ್ಲ. ಬಿಡಬೇಕಾದರೆ ತರಬೇತುದಾರರು ಕಚೇರಿಯ ದಪ್ಪ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಅಗತ್ಯವಿಲ್ಲ’ ಎಂದು ಬರೆದು ಸಹಿ ಹಾಕಬೇಕು. ಆಮೇಲಷ್ಟೇ ಬಿಡುಗಡೆ ಪತ್ರ. ಬೇರೆ ಕಡೆ ಈ ಮಾತು ಬರೆಸಿಕೊಂಡವರು ಮುಖ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಒಬ್ಬ ಅದನ್ನೇ ಬಹುಮಾನದಂತೆ ಕಾಯುತ್ತಿದ್ದಾನೆ. ಎರಡು ವರ್ಷದಿಂದ ನಿಮಗೆ ಅಗತ್ಯವಿಲ್ಲದವನನ್ನು ‘ಅಗತ್ಯವಿಲ್ಲ’ ಎಂದು ಬರೆಯಲು ಅಡ್ಡಿಯೇನು ಸ್ವಾಮಿ?

ಅವಸರವೇಕೆಂದು ಹೇಳಿಬಿಡುತ್ತೇನೆ. ಅಗ್ನಿಶಾಮಕ ದಳದವರು ಅಣ್ಣನನ್ನು ಕರೆದಿದ್ದಾರೆ. ಅವರಿಗೂ ಒಂದು ತಂಡವಿದೆ, ಆದರೆ ಆಟ ಶನಿವಾರ ಮಾತ್ರ. ಉಳಿದ ದಿನ ಕೆಂಪು ವಾಹನ, ಏಣಿ, ನೀರಿನ ಕೊಳವೆ. ಕಾಯಂ ಕೆಲಸ. ಓಟ, ಹಗ್ಗ ಹತ್ತುವುದು, ಭಾರ ಹೊರುವುದು, ಎಲ್ಲ ಪರೀಕ್ಷೆಯಲ್ಲೂ ತೇರ್ಗಡೆಯಾಗಿದ್ದಾನೆ. ಸೇರಲು ನಿಮ್ಮ ಬಿಡುಗಡೆ ಪತ್ರ ಒಂದೇ ಬಾಕಿ. ಸೇರುವಾಗ ಇಪ್ಪತ್ತೆಂಟು ತುಂಬಿರಬಾರದು ಎಂಬುದು ಅವರ ನಿಯಮ. ಮುಂದಿನ ತಿಂಗಳ ನಾಲ್ಕಕ್ಕೆ ಅವನಿಗೆ ಇಪ್ಪತ್ತೆಂಟು. ಅಷ್ಟರೊಳಗೆ ನೀವು ಅಂಟಿಸುವ ಹಾಳೆಗಳು ಎರಡೇ.

ಈ ವಿಷಯ ಅವನು ಹೇಳಿದ್ದು ನನಗೊಬ್ಬಳಿಗೆ. ಅಪ್ಪನಿಗೆ ಗೊತ್ತಿಲ್ಲ. ಗೊತ್ತಾದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ನೀವು ನಮ್ಮ ಅಂಗಡಿಗೆ ಒಮ್ಮೆ ಬರಬೇಕು.

ಅಪ್ಪನದು ಕ್ಷೌರದಂಗಡಿ. ಎರಡು ಕುರ್ಚಿ, ಎದುರುಬದುರು ಎರಡು ಕನ್ನಡಿ, ಕಾಯುವವರಿಗೆ ಒಂದು ಉದ್ದನೆಯ ಬೆಂಚು. ಆ ಬೆಂಚಿನ ಮೇಲೆ ನಿಮ್ಮ ತಂಡವನ್ನು ನಿಮಗಿಂತ ಮೊದಲೇ ಆರಿಸಿ ಮುಗಿಸಿರುತ್ತಾರೆ. ನಿವೃತ್ತ ಲೆಕ್ಕದ ಮೇಷ್ಟ್ರು ಒಬ್ಬರಿದ್ದಾರೆ. ಎಡಗಾಲಿನವನನ್ನು ನೀವು ಬಲಕ್ಕೆ ಹಾಕಿದ ದಿನಗಳಲ್ಲಿ ತಂಡ ಎಷ್ಟು ಸೋತಿದೆ ಎಂಬುದು ಅವರಿಗೆ ಬಾಯಿಪಾಠ. ಅವರ ಎದುರಾಳಿ ಬಸ್ ಕಂಡಕ್ಟರ್. ಅವರ ಪ್ರಕಾರ ನೀವು ಮಾಡಿದ್ದೆಲ್ಲ ಸರಿ, ಆಡುವವರಿಗೆ ಕಾಲಿಲ್ಲ ಅಷ್ಟೇ. ಮುನ್ನುಗ್ಗಿ ಗೋಲು ಹೊಡೆಯುವವನನ್ನು ಕೂರಿಸಿದ್ದು ಯಾಕೆ, ಗಾಯದಿಂದ ಎದ್ದವನನ್ನು ಅದೇ ವಾರ ಆಡಿಸಿದ್ದು ಯಾಕೆ, ರಕ್ಷಣೆಗೆ ಮೂವರೋ ನಾಲ್ವರೋ, ಎಲ್ಲದಕ್ಕೂ ಇಬ್ಬರದ್ದೂ ಜಗಳ. ಒಂದು ವಿಷಯದಲ್ಲಿ ಮಾತ್ರ ಅಂಗಡಿಯಲ್ಲಿ ಭಿನ್ನಮತವಿಲ್ಲ: ಗೋಲಿನಲ್ಲಿ ನಿಲ್ಲಬೇಕಾದವನು ನಮ್ಮಣ್ಣ. ಯಾಕೆಂದರೆ ಅಪ್ಪ ಆ ಪ್ರಶ್ನೆ ಕೇಳುವುದು ಗಿರಾಕಿಯ ಗಂಟಲಿನ ಮೇಲೆ ಕತ್ತಿ ಇಟ್ಟಾಗ. ಕಂಡಕ್ಟರ್ ಒಮ್ಮೆ ಮುಖದ ನೊರೆ ಒರೆಸಿಕೊಳ್ಳುತ್ತ, “ಮೇಷ್ಟ್ರೇ, ನನ್ನ ನಿಜವಾದ ಅಭಿಪ್ರಾಯ ಬೇಕಿದ್ರೆ ಹೊರಗೆ ಬನ್ನಿ” ಎಂದಿದ್ದರು.

ನಗುವಿನ ಮಾತು ಹಾಗಿರಲಿ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಲೆಯನ್ನು ಅತ್ತ ಇತ್ತ ತಿರುಗಿಸುತ್ತ ನಿಂತೇ ಇರುವ ಮನುಷ್ಯ ನಮ್ಮಪ್ಪ. ಶುಕ್ರವಾರ ನಾಲ್ಕು ಗಂಟೆಗೆ ಅಂಗಡಿಗೆ ಅರ್ಧ ಬಾಗಿಲು ಹಾಕಿ ಟಿಕೆಟ್ ಕಿಟಕಿಗೆ ಹೋಗುತ್ತಾರೆ. ಮೇಲಿನಿಂದ ಓದುವುದಿಲ್ಲ. ಹದಿನೆಂಟನೇ ಹೆಸರಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾರೆ. ಹದಿನೆಂಟನೆಯದು ಮಗನ ಹೆಸರು ಎಂದು ಗೊತ್ತಿದ್ದರೂ ಅಲ್ಲಿಗೆ ನಿಲ್ಲಿಸುವುದಿಲ್ಲ. ಅದೇ ಹೆಸರು ಮೇಲೆಲ್ಲಾದರೂ ಇನ್ನೊಮ್ಮೆ ಇದ್ದೀತು ಎನ್ನುವವರ ಹಾಗೆ ಮೊದಲ ಸಾಲಿನವರೆಗೂ ನೋಡುತ್ತಾರೆ. ಬಂದು, “ಈ ವಾರಾನೂ ಹೆಸರಿದೆ” ಎಂದು ಅಮ್ಮನಿಗೆ ಹೇಳುತ್ತಾರೆ. ಅಂಥವರ ಮುಂದೆ ಹೋಗಿ, ಅಪ್ಪ, ನನಗೆ ಈ ಪಟ್ಟಿಯೇ ಬೇಡ ಎಂದು ಅಣ್ಣ ಹೇಗೆ ಹೇಳಬೇಕು?

ಹಾಗಿದ್ದರೂ ಅವನು ನಿಮ್ಮಲ್ಲಿಗೆ ಬಂದು ಬಿಡುಗಡೆ ಕೇಳಿದ. ನಿಮಗೆ ನೆನಪಿರಬಹುದು. ಹೋದ ತಿಂಗಳು, ಅಭ್ಯಾಸ ಮುಗಿದ ಮೇಲೆ, ಚೆಂಡುಗಳನ್ನು ಬಲೆಯಲ್ಲಿ ತುಂಬುವಾಗ. ನೀವು ಕೊಟ್ಟ ಉತ್ತರವನ್ನು ಅವನು ಮನೆಗೆ ಬಂದು ನನಗೆ ಹೇಳಿದ. ಬಿಟ್ಟರೆ ಗ್ಯಾಲರಿಯ ಅಭಿಮಾನಿಗಳು ನಿಮ್ಮ ಮನೆ ಮುಂದೆ ಬರುತ್ತಾರೆ. ಆಡಿಸಿದರೆ ಗ್ಯಾಲರಿಯ ಕೂಗಿಗೆ ಹೆದರಿದಿರಿ ಎಂದಾಗುತ್ತದೆ. ಆದ್ದರಿಂದ ಅವನು ಇರುವಲ್ಲೇ ಇರಲಿ. ನೀವು ಒರಟಾಗಿ ಹೇಳಲಿಲ್ಲವಂತೆ. ಅವನ ಹೆಗಲ ಮೇಲೆ ಕೈ ಇಟ್ಟೇ ಹೇಳಿದಿರಂತೆ. ಬಾವಿಗೆ ಬಿದ್ದವನಿಗೆ ಹಗ್ಗ ಕೊಡದೆ, ನೀರು ತಣ್ಣಗಿದೆಯೇ ಎಂದು ವಿಚಾರಿಸಿದ ಹಾಗಾಯಿತು.

ಗ್ಯಾಲರಿಯ ಕೂಗು ಯಾವುದೆಂದು ಊರಿಗೇ ಗೊತ್ತು. ‘ಬೀಗದ ಕೈ ಬೆಂಚಿನ ಮೇಲಿದೆ!’ ಒಂದನೇ ಗೋಲ್‌ಕೀಪರ್ ಒಂದು ಚೆಂಡು ಬಿಟ್ಟರೆ ಸಾಕು, ಸಾವಿರ ಬಾಯಿ ಒಂದಾಗಿ ಇದನ್ನೇ ಕೂಗುತ್ತವೆ. ಗೋಲಿಗೆ ಬೀಗ ಹಾಕಬಲ್ಲವನನ್ನು ಕೂರಿಸಿದ್ದೀರಿ ಎಂದು ಅರ್ಥ. ಬಟ್ಟೆಯ ಮೇಲೆ ಬರೆದು ಬೇಲಿಗೆ ಕಟ್ಟಿದ್ದಾರೆ. ಹಾಗೆ ಕೂಗುವಾಗ ಅಣ್ಣನನ್ನು ಯಾರಾದರೂ ನೋಡಿದ್ದಾರೆಯೇ? ನಾನು ನೋಡುತ್ತೇನೆ. ಚೆಂಡು ಹಿಡಿದವರೆಲ್ಲ ತನ್ನ ಮುಖಕ್ಕೇ ಗುರಿ ಇಟ್ಟ ಹಾಗೆ ತಲೆ ತಗ್ಗಿಸಿಬಿಡುತ್ತಾನೆ.

ಆ ಸಾಲು ಹುಟ್ಟಿದ್ದು ಕಳೆದ ವರ್ಷ ಇದೇ ಪತ್ರಿಕೆಯಲ್ಲಿ ಬಂದ ಒಂದು ಬಹಿರಂಗ ಪತ್ರದಲ್ಲಿ. ಮೂರು ಗೋಲಿನಿಂದ ಸೋತ ವಾರ. ಕೆಳಗೆ ‘ಸಮಸ್ತ ಅಭಿಮಾನಿಗಳು’ ಎಂದು ಸಹಿ ಇತ್ತು. ಅದನ್ನು ನೀವು ಪತ್ರಕರ್ತರ ಮುಂದೆ ಓದಿ, ನಾನು ಇಲ್ಲಿರುವ ತನಕ ಪತ್ರಗಳು ತಂಡ ಆರಿಸುವುದಿಲ್ಲ ಎಂದಿರಿ. ಅಂದಿನಿಂದ ನಿಮ್ಮ ಹಟಕ್ಕೆ ಹೆಸರು ಬಂತು, ಕೂಗಿಗೆ ಬಲ ಬಂತು. ಅಂಗಡಿಯಲ್ಲಿ ಎಲ್ಲರೂ ಅದನ್ನು ಲೆಕ್ಕದ ಮೇಷ್ಟ್ರು ಬರೆದದ್ದೆಂದು ನಂಬಿದ್ದಾರೆ. ಮೇಷ್ಟ್ರು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಮಾನ್ಯರೇ, ಬರೆದವಳು ನಾನು.

ಸಾಹಿತ್ಯ ಓದಿದವಳು. ಈಗ ಈ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನನಗೆ ಸ್ವರ ಹೊರಡುವುದಿಲ್ಲ. ಅಂಗಡಿಯ ಮಾತುಗಳನ್ನೆಲ್ಲ ಮನೆಯಿಂದ ಅಂಗಡಿಗೆ ತೆರೆಯುವ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡೇ ಬೆಳೆದವಳು. ಬರೆದರೆ ಮಾತ್ರ ನನಗೆ ಧೈರ್ಯ. ಅಣ್ಣ ಪ್ರತಿ ವಾರ ಮಣ್ಣಾಗದ ಅಂಗಿ ಹೊತ್ತು ಮನೆಗೆ ಬರುವುದನ್ನು ನೋಡಲಾರದೆ ಒಂದು ಸಂಜೆ ಕೂತು ಬರೆದೆ. ಲಕೋಟೆಯಲ್ಲಿಟ್ಟು, ಓದುಗರ ಪತ್ರಗಳ ರಾಶಿಯಲ್ಲಿ ನಾನೇ ಸೇರಿಸಿದೆ. ಮಾರನೆಯ ದಿನ ಅದರ ಕರಡು ನನ್ನ ಮೇಜಿಗೇ ಬಂತು. ಎರಡು ಸಲ ಓದಿದೆ, ಒಂದೂ ತಪ್ಪು ಸಿಗಲಿಲ್ಲ. ಬೀಗದ ಕೈಯ ಸಾಲು ಎಷ್ಟು ಚೆನ್ನಾಗಿದೆ ಎಂದು ಒಳಗೊಳಗೇ ಹಿಗ್ಗಿದ್ದು ಸುಳ್ಳಲ್ಲ. ಒಂದೇ ಒಂದು ಕೆಲಸ ಮಾಡಿರಲಿಲ್ಲ. ನಿನಗೆ ಏನು ಬೇಕು ಎಂದು ಅಣ್ಣನನ್ನು ಕೇಳಿರಲಿಲ್ಲ.

ಕೇಳಿದ್ದು ಹೋದ ತಿಂಗಳು, ನೀವು ಇಲ್ಲ ಎಂದ ದಿನ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ನಿನಗೆ ಅನ್ಯಾಯ ಆಗುತ್ತಿದೆ ಎಂದು ನಾನು ಶುರುಮಾಡಿದೆ. ತಲೆ ಎತ್ತದೆ ಹೇಳಿದ:

“ಎಂಥ ಅನ್ಯಾಯ ಪುಟ್ಟಿ? ಅವನು ನನಗಿಂತ ಚೆನ್ನಾಗಿ ಆಡ್ತಾನೆ. ನಾನೇ ಕೋಚ್ ಆಗಿದ್ರೂ ಅವನನ್ನೇ ನಿಲ್ಲಿಸ್ತಿದ್ದೆ.”

ಪಂದ್ಯಕ್ಕೆ ಮೊದಲು ಒಂದನೇ ಗೋಲ್‌ಕೀಪರನ ಕೈ ಬಿಸಿಯಾಗಲೆಂದು ಇಪ್ಪತ್ತು ನಿಮಿಷ ಚೆಂಡು ಒದೆಯುವವನು ತಾನು, ಯಾವ ಚೆಂಡಿಗೆ ಅವನು ಹೇಗೆ ಹಾರುತ್ತಾನೆಂದು ತನಗಿಂತ ಚೆನ್ನಾಗಿ ಯಾರು ಬಲ್ಲರು ಎಂದ. ಅಗ್ನಿಶಾಮಕ ದಳದ ವಿಷಯ ಆಗಲೇ ಹೇಳಿದ್ದು. ಅಲ್ಲಿಯೂ ಕಾಯುವುದೇ ಅಲ್ಲವೇ ಎಂದು ಕೇಳಿದೆ.

“ಅಲ್ಲೂ ಕಾಯೋದೇ. ಆದ್ರೆ ಗಂಟೆ ಹೊಡೆದ್ರೆ ಹೋಗ್ಲೇಬೇಕು ಕಣೇ. ನೀನು ಕೂತಿರು ಅಂತ ಯಾರೂ ಅನ್ನಲ್ಲ.” ಬೂಟು ಪಕ್ಕಕ್ಕಿಟ್ಟು, “ಆ ಬೀಗದ ಕೈ ಅಂತ ಬರೆದವರು ಸಿಕ್ಕಿದ್ರೆ ಒಂದು ಮಾತು ಕೇಳ್ಬೇಕು” ಎಂದ. ಏನು ಕೇಳಬೇಕು ಎಂದು ವಿಚಾರಿಸುವ ಧೈರ್ಯ ನನಗಾಗಲಿಲ್ಲ.

ಆದ್ದರಿಂದ ಮೊದಲು ನನ್ನ ತಪ್ಪು ಒಪ್ಪುತ್ತೇನೆ. ನಿಮ್ಮ ಆಯ್ಕೆ ಸರಿಯಾಗಿಯೇ ಇತ್ತು. ಒಂದನೇ ಗೋಲ್‌ಕೀಪರನ ಕ್ಷಮೆಯನ್ನೂ ಕೇಳುತ್ತೇನೆ. ಮಾಡಬಾರದ ತಪ್ಪೇನೂ ಮಾಡದೆ ಒಂದು ವರ್ಷ ನನ್ನ ಸಾಲಿನ ಏಟು ತಿಂದವನು ಅವನು. ಆದರೆ ನನ್ನ ತಪ್ಪಿನ ನೆರಳಿನಲ್ಲಿ ನಿಮ್ಮದು ಅಡಗಿಕೊಳ್ಳುವುದು ಬೇಡ. ಪತ್ರಗಳು ತಂಡ ಆರಿಸುವುದಿಲ್ಲ ಎಂದಿರಿ. ಹಾಗಾದರೆ ಹದಿನೆಂಟನೇ ಹೆಸರನ್ನು ಪ್ರತಿ ಶುಕ್ರವಾರ ಆರಿಸುತ್ತಿರುವವರು ಯಾರು? ಅದನ್ನು ಬರೆಯಿಸುತ್ತಿರುವುದು ನನ್ನ ಪತ್ರ, ಗ್ಯಾಲರಿಯ ಕೂಗು, ನಿಮ್ಮ ಮನೆಯ ಮುಂದೆ ಜನ ಸೇರಿಯಾರೆಂಬ ಭಯ. ಮಿಕ್ಕ ಹದಿನೇಳು ಹೆಸರು ನಿಮ್ಮವು. ಅದೊಂದು ಮಾತ್ರ ನಮ್ಮದು. ಯಾರಿಗೂ ತಲೆಬಾಗದ ತರಬೇತುದಾರರು ವಾರಕ್ಕೊಮ್ಮೆ ನಾಲ್ಕು ಗಂಟೆಗೆ ನಮಗೆ ತಲೆಬಾಗುತ್ತಿದ್ದೀರಿ ಎಂದರೆ ಸಿಟ್ಟು ಬರುತ್ತದೆಯೇ? ಬರಲಿ. ಆ ಸಿಟ್ಟಿನಲ್ಲೇ ಪೆನ್ನು ಹಿಡಿಯಿರಿ.

ನಾವೆಲ್ಲ ಒಬ್ಬನನ್ನು ಪ್ರೀತಿಸಿಯೇ ಒಂದು ಕೋಣೆಯಲ್ಲಿ ಕೂಡಿಹಾಕಿದ್ದೇವೆ. ಅಪ್ಪ ಹೆಮ್ಮೆಯಿಂದ ಬಾಗಿಲು ಮುಚ್ಚಿದರು, ಅಭಿಮಾನಿಗಳು ಕೂಗಿನಿಂದ ಕಿಟಕಿ ಮುಚ್ಚಿದರು, ನಾನು ಚೆಂದದ ವಾಕ್ಯದಿಂದ ಚಿಲಕ ಹಾಕಿದೆ. ಅವನಾದರೋ ಒಳಗಿನಿಂದ ಬಾಗಿಲು ಬಡಿಯುವ ಸ್ವಭಾವದವನೇ ಅಲ್ಲ. ಯಾರಿಗಾದರೂ ನೋವಾದೀತು ಎಂದು ಮೆತ್ತಗೆ ಕೂತಿದ್ದಾನೆ. ಇನ್ನು ಹದಿನೈದು ದಿನ ಹೀಗೆಯೇ ಕೂತರೆ ಅವನ ವಯಸ್ಸೇ ಅವನನ್ನು ಹೊರಗೆ ಬಿಡುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಈ ಶುಕ್ರವಾರದ ಹಾಳೆಯಲ್ಲಿ ಹದಿನೇಳು ಹೆಸರಿರಲಿ, ಇಲ್ಲವೇ ಹದಿನೆಂಟನೆಯದು ಬೇರೆ ಯಾರದಾದರೂ ಆಗಲಿ. ಕಚೇರಿಯ ಪುಸ್ತಕದಲ್ಲಿ ನಮ್ಮಣ್ಣನ ಹೆಸರಿನ ಮುಂದೆ ‘ಅಗತ್ಯವಿಲ್ಲ’ ಎಂದು ನಿಮ್ಮ ಕೈಯಾರೆ ಬರೆಯಿರಿ. ಅಭಿಮಾನಿ ಬಂಧುಗಳೇ, ನಿಮ್ಮಲ್ಲೂ ಒಂದು ಮಾತು. ಬೇಲಿಯ ಬಟ್ಟೆ ಬಿಚ್ಚಿಬಿಡಿ. ತರಬೇತುದಾರರ ಮನೆ ಮುಂದೆ ಹೋಗಲೇಬೇಕು ಅನಿಸಿದರೆ ಮೊದಲು ನಮ್ಮ ಮನೆಗೆ ಬನ್ನಿ. ಆ ಸಾಲು ಬರೆದವಳು ಅಲ್ಲಿಯೇ ಸಿಗುತ್ತಾಳೆ.

ಇದನ್ನು ಅಚ್ಚಿಗೆ ಕೊಡುವ ಮುನ್ನ ಒಂದು ಕೆಲಸ ಉಳಿದಿದೆ. ಈ ಸಲ ಲಕೋಟೆಯಲ್ಲಿಟ್ಟು ರಾಶಿಯಲ್ಲಿ ಸೇರಿಸುವುದಿಲ್ಲ. ನಾಳೆ ಬೆಳಿಗ್ಗೆ, ಗಿರಾಕಿಗಳು ಬರುವ ಮೊದಲು, ಅಪ್ಪ ಅಣ್ಣನ ತಲೆಗೂದಲು ಕತ್ತರಿಸುತ್ತಾರೆ. ಹೆಗಲ ಸುತ್ತ ಬಟ್ಟೆ ಕಟ್ಟಿಸಿಕೊಂಡವನು ನಡುವೆ ಎದ್ದುಹೋಗಲಾರ. ಮಗನ ತಲೆಯನ್ನು ಅರ್ಧಕ್ಕೆ ಬಿಟ್ಟು ಅಪ್ಪನೂ ಹೋಗಲಾರರು. ಒಳಬಾಗಿಲು ದಾಟಿ, ಎರಡು ಕನ್ನಡಿಗಳ ನಡುವೆ ನಿಂತು, ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಅವರಿಬ್ಬರಿಗೂ ಗಟ್ಟಿಯಾಗಿ ಓದುತ್ತೇನೆ. ಅಣ್ಣ ಬೇಡವೆಂದರೆ ಹರಿದುಹಾಕುತ್ತೇನೆ. ನೀವು ಇದನ್ನು ಓದುತ್ತಿದ್ದೀರಿ ಎಂದರೆ ಅವನು ಬೇಡವೆನ್ನಲಿಲ್ಲ ಎಂದೇ ಅರ್ಥ.

ಇಂತಿ,
ಮೊದಲು ಕೇಳಿ ಆಮೇಲೆ ಬರೆಯಲು ಈಗ ಕಲಿಯುತ್ತಿರುವ
ಅವನ ತಂಗಿ