ಕಣ್ಣು ಮುಚ್ಚಿ ಆಡಿದ ಜಗಳ

ದಾವಣಗೆರೆ
ತಾ. 10–2–2025, ಸೋಮವಾರ

ನನ್ನ ಅಕ್ಕನ ಮಗಳು, ಮುನಿಸಿನ ಮಹಾರಾಣಿ ಸುವಾರ್ತಾಳಿಗೆ,

ನಿನ್ನ ಜೀವರತ್ನ ಮಾವ ಕರ್ತನ ನಾಮದಲ್ಲಿ ಮಾಡುವ ವಂದನೆ. ಕೂಸಿನ ಎರಡೂ ಕೆನ್ನೆಗೆ ಮುತ್ತು. ನಿನಗೆ ಮಾತ್ರ ನೆತ್ತಿಯ ಮೇಲೆ ಮೆಲ್ಲಗೆ ಒಂದು ಮೊಟಕು.

ಹರಿಹರವೇನು ಲಂಡನ್ ಅಲ್ಲ. ಇಲ್ಲಿ ಬಸ್ಸು ಹತ್ತಿ ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ನಿನ್ನ ಮನೆಯ ಬಾಗಿಲಲ್ಲಿರುತ್ತೇನೆ. ಆದರೂ ಕಾಗದ ಬರೆಯಲು ಕೂತಿದ್ದೇನೆ, ಯಾಕೆಂದರೆ ನೀನು ಫೋನ್ ಎತ್ತುತ್ತಿಲ್ಲ. ನಮ್ಮೂರು ಸಾರಥಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವನು ನಾನು. ಮೇಷ್ಟ್ರು ನನ್ನ ಕಾಪಿ ಪುಸ್ತಕ ಎತ್ತಿ ಹಿಡಿದು, "ಇದು ಬರೆದದ್ದೋ, ಅಚ್ಚು ಹಾಕಿಸಿದ್ದೋ?" ಅಂತ ಕೇಳಿದ್ದರು. ಆ ಅಕ್ಷರ ಈಗ ನಿನ್ನ ಕೈಯಲ್ಲಿದೆ, ಜೋಪಾನವಾಗಿ ಇಟ್ಟುಕೋ. ಲಗೇಜ್ ಆಟೋದ ಹಿದಾಯತ್ ನಾಳೆ ಹರಿಹರಕ್ಕೆ ಬಾಡಿಗೆ ಬರುತ್ತಿದ್ದಾನೆ, ಅವನ ಕೈಲಿ ಕಳಿಸುತ್ತೇನೆ. ಅವನಿಗೆ ಒಂದು ಲೋಟ ಚಹಾ ಕೊಡು. ಅವನು ನನ್ನ ಬಗ್ಗೆ ಹೇಳುವ ಮಾತನ್ನು ಮಾತ್ರ ನಂಬಬೇಡ.

ಫೋನಿನಲ್ಲಿ ನೀನು ಕಡೆಯದಾಗಿ ಹೇಳಿದ ಮಾತು ನನ್ನ ಕಿವಿಯಲ್ಲೇ ಇದೆ. "ನನ್ನ ಕೂಸಿನ ದೀಕ್ಷಾಸ್ನಾನದಾಗ ಎಸ್ತೇರಮ್ಮ ಟೀಚರೇ ಕೂಸನ್ನ ಎತ್ಕೊಂಡು ನಿಲ್ಲಬೇಕು. ಅವರು ಬರದಂಗೆ ಮಾಡಿದೋನು ನೀನು. ಅವರು ಬರಲ್ಲ ಅಂದ್ಮೇಲೆ ನೀನೂ ಚರ್ಚಿನ ಒಳಗ ಬರಬ್ಯಾಡ ಮಾವ, ಹೊರಗೇ ಇರು" ಅಂದೆ. ಅಂದು, ಫೋನ್ ಇಟ್ಟೆ.

ನಿನಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನೂ ಇಲ್ಲ. ನಿನ್ನ ಅಮ್ಮ ತೀರಿಕೊಂಡ ವರ್ಷ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬಂದು ನಿನಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವರು ಆ ಟೀಚರ್. ಭಾನುವಾರದ ಸಂಡೇ ಸ್ಕೂಲಿನಲ್ಲಿ ನಿನ್ನನ್ನು ಪಕ್ಕದಲ್ಲೇ ಕೂಡಿಸಿಕೊಳ್ಳುತ್ತಿದ್ದವರೂ ಅವರೇ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ನಾನು ಮರೆತಿಲ್ಲ ಅಂತ ನಿನಗೆ ತಿಳಿಯಲಿ.

ಆದರೆ ಜಗಳದ ಕಥೆ ನಿನಗೆ ಅರ್ಧ ಮಾತ್ರ ಮುಟ್ಟಿದೆ. ಪೂರ್ತಿ ಕೇಳು.

ಶುರುವಾದದ್ದು ಕ್ರಿಸ್ಮಸ್ ಹಾಡಿನ ಅಭ್ಯಾಸದಲ್ಲಿ. ನನ್ನ ದನಿ ನಿನಗೆ ಗೊತ್ತಲ್ಲ. ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಕ್ಕಪಕ್ಕದ ಮಿಷನ್ನುಗಳೆಲ್ಲ ಓಡುತ್ತಿರುವಾಗಲೂ ನನ್ನ ವೆಲ್ಡಿಂಗ್ ಶೆಡ್ಡಿನಿಂದ ನಾನು "ಚಹಾ" ಅಂದರೆ ರಸ್ತೆಯಾಚೆಯ ಅಂಗಡಿಯವನು ಲೋಟ ತೊಳೆಯಲು ಶುರುಮಾಡುತ್ತಾನೆ. ಅಂಥ ದನಿಗೆ ಟೀಚರ್ ಎಲ್ಲರ ಮುಂದೆ, "ಅಣ್ಣಾರೆ, ಒಂಚೂರು ಇಳಿಸಿ ಹಾಡ್ರಿ, ಮಕ್ಕಳ ದನಿ ಕೇಳ್ತಾನೇ ಇಲ್ಲ" ಅಂದುಬಿಟ್ಟರು. ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ಶುಕ್ರವಾರದ ಮನೆ ಪ್ರಾರ್ಥನೆ ನಮ್ಮ ಸಭಾಪಾಲಕರಾದ ಅಯ್ಯನವರ ಮನೆಯಲ್ಲಿ. ನಮ್ಮವರ ಪದ್ಧತಿ ನಿನಗೆ ಹೇಳಬೇಕಾಗಿಲ್ಲ: ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು, ಉಳಿದವರು ಕಣ್ಣು ಮುಚ್ಚಿ ಆಮೆನ್ ಅನ್ನಬೇಕು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಅತ್ತೆ ಸೊಸೆಗೆ ಹೇಳಬೇಕಾದದ್ದನ್ನು, ಸೊಸೆ ಅತ್ತೆಗೆ ಹೇಳಬೇಕಾದದ್ದನ್ನು ದೇವರಿಗೆ ಹೇಳಿ ಹಗುರಾಗುವುದು ಅಲ್ಲೇ. ನನ್ನ ಸರದಿ ಬಂದಾಗ ನಾನೂ ಬಿಡಲಿಲ್ಲ. "ಕರ್ತನೇ, ನಿನ್ನನ್ನು ಸ್ತುತಿಸೋ ಬಾಯಿ ಮುಚ್ಚಿಸೋರ ಮನಸ್ಸನ್ನು ಮೆತ್ತಗೆ ಮಾಡು" ಅಂದೆ.

ಮುಂದಿನ ಸರದಿ ಟೀಚರದು. ತಣ್ಣಗಿನ ದನಿಯಲ್ಲಿ, "ಕರ್ತನೇ, ನಿನಗೆ ಕಿವಿ ಚಲೋ ಕೇಳ್ತಾವೆ ಅನ್ನೋದನ್ನ ನಮ್ಮ ಅಣ್ಣಾರಿಗೆ ತಿಳಿಸಿಕೊಡು" ಅಂದರು.

ಅಯ್ಯನವರಿಗೆ ಆಮೆನ್ ಬದಲು ಕೆಮ್ಮು ಬಂತು. ನನ್ನ ಹೆಂಡತಿ, ಅದೇ ನಿನ್ನ ಅತ್ತೆ, ಮಾತ್ರ ಸ್ಪಷ್ಟವಾಗಿ ಆಮೆನ್ ಅಂದಳು, ಅದೂ ಎರಡು ಸಲ.

ಅಲ್ಲಿಗೆ ನಕ್ಕು ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸೋತು ಮಲಗುವ ಜಾಯಮಾನ ನನ್ನದಲ್ಲ. ವಾರವೆಲ್ಲ ಶೆಡ್ಡಿನಲ್ಲಿ ಕಿಡಿ ಹಾರಿಸುತ್ತಲೇ ಮುಂದಿನ ಪ್ರಾರ್ಥನೆಯನ್ನು ಮನಸ್ಸಿನಲ್ಲಿ ಕಟ್ಟಿದೆ. ಶುಕ್ರವಾರ ಬಂತು. ಕಣ್ಣು ಮುಚ್ಚಿ, ಎದೆ ಉಬ್ಬಿಸಿ ಅಂದೆ: "ಕರ್ತನೇ, ಕಟ್ಟಿಕೊಂಡ ಗಂಡನನ್ನೇ ಗೇಟಿನ ಹೊರಗೆ ನಿಲ್ಲಿಸಿ ಬರೋರು ಊರ ಮಕ್ಕಳಿಗೆ ನಿನ್ನ ದಾರಿ ತೋರಿಸ್ತಾರೆ. ಮೊದಲು ಅವರಿಗೆ ನೀನೇ ದಾರಿ ತೋರಿಸು."

ಯಾರೂ ಆಮೆನ್ ಅನ್ನಲಿಲ್ಲ. ನಿನ್ನ ಅತ್ತೆಯೂ ಅನ್ನಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಟೀಚರ ಕುರ್ಚಿ ಖಾಲಿ. ಹೊರಗೆ ಸ್ಕೂಟರ್ ಸ್ಟಾರ್ಟ್ ಆದ ಸದ್ದು.

ಟೀಚರ ಗಂಡ ಬಕ್ಕೇಶಪ್ಪನವರ ಸ್ಕೂಟರ್ ಅದು. ಚೌಕಿಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಆ ಮನುಷ್ಯ, ನೀನು ಲಂಗ ತೊಡುತ್ತಿದ್ದ ಕಾಲದಿಂದ ಹಣೆಗೆ ವಿಭೂತಿ ಹಚ್ಚಿಕೊಂಡು ಪ್ರತಿ ಭಾನುವಾರ ಹೆಂಡತಿಯನ್ನು ಚರ್ಚಿಗೆ ತಂದು ಬಿಡುತ್ತಾರೆ. ಆರಾಧನೆ ಮುಗಿಯುವವರೆಗೆ ಹೊಂಗೆ ಮರದ ಕೆಳಗೆ ಸ್ಕೂಟರಿನ ಮೇಲೇ ಕೂತು ಪೇಪರ್ ಓದುತ್ತಾರೆ. ಒಳಗೆ ಬಂದವರಲ್ಲ, ಬೇಗ ಬಾ ಅಂತ ಹಾರ್ನ್ ಹೊಡೆದವರೂ ಅಲ್ಲ. ಅವರನ್ನೇ ಕಲ್ಲು ಮಾಡಿಕೊಂಡು ಟೀಚರ ಮೇಲೆ ಎಸೆದೆ. ಆವತ್ತಿನಿಂದ ಟೀಚರ್ ಚರ್ಚಿಗೆ ಬರಲಿಲ್ಲ.

ಅವರ ಬದಲು ಒಂದು ಭಾನುವಾರ ಸಂಡೇ ಸ್ಕೂಲ್ ನಾನೇ ನಡೆಸಿದೆ. ನೋಹನ ನಾವೆಗೆ ಎಷ್ಟು ವೆಲ್ಡಿಂಗ್ ಬೇಕಾಗುತ್ತಿತ್ತು ಅಂತ ಬಹಳ ಚೆನ್ನಾಗಿ ವಿವರಿಸಿದೆ. ಎಲ್ಲ ಕೇಳಿ ಒಂದು ಹುಡುಗಿ, "ಟೀಚರ್ ಯಾವಾಗ ಬರ್ತಾರೆ ಅಂಕಲ್?" ಅಂದಳು.

ಅಯ್ಯನವರ ಹತ್ತಿರ ಹೋಗಿ, ನೀವೇ ಒಂದು ಮಾತು ಹೇಳಿ ಟೀಚರನ್ನು ಕರೆತನ್ನಿ ಅಂದೆ. ಅವರು, "ಬೈಯೋಕೆ ನಾನು ಬೇಕಾಗಿರಲಿಲ್ಲ, ಕರೆಯೋಕೆ ಯಾಕ ಬೇಕ್ರಿ ಜೀವರತ್ನಪ್ಪ?" ಅಂದರು. ಈಗಿನ ಅಯ್ಯನವರಿಗೆ ಬಾಯಿ ಜಾಸ್ತಿ.

ಅಷ್ಟರಲ್ಲಿ ನಿನ್ನ ಫೋನ್ ಬಂತು. ಮಾರನೆಯ ದಿನವೇ ಇಸ್ತ್ರಿ ಅಂಗಿ ಹಾಕಿಕೊಂಡು ಎಸ್.ಎಸ್. ಬಡಾವಣೆಯ ಅವರ ಮನೆಗೆ ಹೋದೆ. "ಬರ್ರಿ ಅಣ್ಣಾರೆ, ಕೂಡ್ರಿ" ಅಂದರು. ಸುವಾರ್ತಾ, ಆ ಮನೆಯಲ್ಲಿ ನನಗೆ ಯಾವಾಗಲೂ ಸ್ಟೀಲ್ ಲೋಟದ ತುಂಬ ಚಹಾ. ಸಕ್ಕರೆ ಸಾಲದಿದ್ದರೆ, "ಡಬ್ಬಿ ಎಲ್ಲೈತೆ ಗೊತ್ತಲ್ಲ, ಹಾಕ್ಕೊಳ್ರಿ" ಅನ್ನುತ್ತಿದ್ದರು. ಆವತ್ತು ಹೂವಿನ ಚಿತ್ರದ ಕಪ್ಪು ಬಂತು, ಕೆಳಗೆ ಸಾಸರ್, ಪಕ್ಕದ ತಟ್ಟೆಯಲ್ಲಿ ಬಿಸ್ಕತ್ತು. ಗುರುತಿಲ್ಲದವರು ಬಂದರೆ ತೆಗೆಯುವ ಕಪ್ಪು ಅದು. ಹೇಳಬೇಕೆಂದುಕೊಂಡಿದ್ದ ಮಾತು ಬಿಟ್ಟು ಬಿಸಿಲು, ಕರೆಂಟು ಅಂತ ಏನೇನೋ ಮಾತಾಡಿದೆ. ಕಡೆಗೆ ಎದ್ದು, ನಮ್ಮ ರೂಢಿಯಂತೆ, "ಒಂದು ಪ್ರಾರ್ಥನೆ ಮಾಡಿ ಹೋಗ್ತೀನಿ ಟೀಚರ್" ಅಂತ ಕಣ್ಣು ಮುಚ್ಚಿದೆ.

"ಬ್ಯಾಡ್ರಿ ಅಣ್ಣಾರೆ" ಅಂದರು. "ನಿಮ್ಮ ಪ್ರಾರ್ಥನೆ ಅಂದ್ರೆ ನನಗೀಗ ಅಂಜಿಕೆ ಆಗ್ತೈತೆ. ಈ ಮನ್ಯಾಗ ಏನೇ ಹೇಳೋದಿದ್ರೂ ಕಣ್ಣು ತೆರೆದು ಹೇಳ್ರಿ."

ಕಣ್ಣು ತೆರೆದೆ. ಎದುರಿಗೆ ಅವರ ಮುಖ ಇತ್ತು. ಇಷ್ಟು ದೊಡ್ಡ ದನಿಯ ಮನುಷ್ಯ ಕಳ್ಳನ ಹಾಗೆ ಬಾಗಿಲು ದಾಟಿದೆ.

ಹೊರಗೆ ಬಕ್ಕೇಶಪ್ಪನವರು ಸ್ಕೂಟರ್ ಒರೆಸುತ್ತಿದ್ದರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ನನಗೇನೂ ಬ್ಯಾಸರ ಇಲ್ರಿ" ಅಂದರು. "ನನ್ನ ಸುದ್ದಿ ಎತ್ತಿ ದೇವರತ್ರ ಯಾರೂ ಮಾತಾಡಿದ್ದಿಲ್ಲ, ನೀವಾದ್ರೂ ಮಾತಾಡಿದ್ರಿ. ಆದ್ರ ಒಂದು ಮಾತು ಕೇಳ್ರಿ. ಆಕಿ ನನಗ ಒಂದಿನಾನೂ ಒಳಗ ಬಾ ಅಂತ ಒತ್ತಾಯ ಮಾಡಿಲ್ಲ. ನಾನು ಆಕಿಗೆ ಹೋಗಬ್ಯಾಡ ಅಂದಿಲ್ಲ. ನಮ್ಮ ಸಂಸಾರ ನಿಂತಿರೋದೇ ಆ ಮರ್ಯಾದಿ ಮ್ಯಾಲೆ. ನೀವು ಅದನ್ನ ನಾಕು ಜನದ ಮುಂದ ತಪ್ಪು ಅಂದ್ರಿ. ಆಕಿಗೆ ನೋವಾಗಿದ್ದು ಅದಕ್ಕ."

ನನ್ನ ಬೆಪ್ಪು ಮುಖ ನೋಡಿ ಅವರಿಗೇ ನಗು ಬಂತು. "ನಿಮ್ಮ ದನಿ ಇಲ್ಲದ ಭಾನುವಾರ ನನಗೂ ತ್ರಾಸ ಆಗೇತ್ರಿ. ಕೊನೇ ಹಾಡಿಗೆ ನೀವು ಬಾಯಿ ತೆಗೆದ ಕೂಡಲೆ ನಾನು ಪೇಪರ್ ಮಡಚಿ ಗಾಡಿ ಸ್ಟಾರ್ಟ್ ಮಾಡ್ತಿದ್ದೆ. ಇಷ್ಟು ವರ್ಷ ನನಗ ಗಂಟೆ ಅಂದ್ರ ನೀವೇ!"

ಅವರು ಒರೆಸುತ್ತಿದ್ದ ಸ್ಕೂಟರಿನ ಸೀಟು ನೋಡಿದೆ. ಒಂದು ಕಡೆ ಪೂರ್ತಿ ತಗ್ಗು ಬಿದ್ದಿತ್ತು. ದಾವಣಗೆರೆ ತಾಲೂಕಿನ ಅರ್ಧ ಗೇಟು ಮಾಡಿದವನು ನಾನು (ಉಳಿದರ್ಧ ಮಾಡಿದವರು ನನ್ನ ಹತ್ತಿರ ಕಲಿತವರು), ಚರ್ಚಿನ ಗೇಟೂ ನನ್ನದೇ. ಆ ಗೇಟಿನ ಹೊರಗೆ ಇಷ್ಟು ವರ್ಷ ಕೂತ ಮನುಷ್ಯನಿಗೆ ಒಂದು ಕುರ್ಚಿ ಹಾಕಬೇಕು ಅಂತ ನನಗಾಗಲಿ, ನಮ್ಮ ಸಭೆಯ ಒಬ್ಬರಿಗಾಗಲಿ ಹೊಳೆದಿರಲಿಲ್ಲ.

ಸೀದಾ ಶೆಡ್ಡಿಗೆ ಹೋಗಿ ಬೆಂಚು ಮಾಡಲು ಕೂತೆ. ಎಂಥ ಬೆಂಚು ಅಂತೀಯ! ಕೈಯಿಡಲು ಎರಡು ಕಡೆ ಬಳ್ಳಿಯಂತೆ ಬಗ್ಗಿಸಿದ ಸರಳು, ಒರಗಲು ಬೆನ್ನು, ಪೇಪರ್ ಹಾರದಂತೆ ಪಕ್ಕದಲ್ಲಿ ಒಂದು ಕ್ಲಿಪ್ಪು. ಇಂಥ ಬೆಂಚು ರೈಲ್ವೆ ಸ್ಟೇಷನ್ನಿನಲ್ಲೂ ಇಲ್ಲ. ನಿನ್ನ ಅತ್ತೆ ಊಟ ತಂದವಳು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಕೂಡೋರು ಒಬ್ರು. ಇಷ್ಟುದ್ದ ಯಾಕ?" ಅಂದಳು. ಪೈಪು ಉಳಿದಿತ್ತು, ಹಾಕಿದೆ ಅಂದೆ.

ಶನಿವಾರ ಬೆಳಿಗ್ಗೆ ಹಿದಾಯತನ ಆಟೋಗೆ ಬೆಂಚು ಏರಿಸಿದೆವು. ಅವನು ಮೇಲೆ ಕೆಳಗೆ ಹುಡುಕಿ ನೋಡಿ, "ಏನ್ ಜೀವಣ್ಣ, ಕೋಳಿಗೂಡು ಮಾಡಿದ್ರೂ ನಿನ್ನ ಹೆಸ್ರು ಹಾಕ್ತೀಯ. ಇದಕ್ಕ ಯಾಕಿಲ್ಲ? ತಬಿಯತ್ ಠೀಕಿಲ್ಲೇನು?" ಅಂದ. ಬಣ್ಣ ಮುಗಿದಿತ್ತು ಅಂದೆ.

ಚರ್ಚಿಗೆ ಒಯ್ಯುವ ಮೊದಲು ಟೀಚರ ಮನೆ ಮುಂದೆ ನಿಲ್ಲಿಸಿದೆ. ಬಕ್ಕೇಶಪ್ಪನವರು ಒಮ್ಮೆ ಕೂತು ಎತ್ತರ ಸರಿಯಾಗಿದೆಯೋ ನೋಡಲಿ ಅಂತ. ಅವರು ಆಟೋ ಹತ್ತಿ, ಬೆಂಚಿನ ಮೇಲೆ ಕೂತು, ರಾಜನ ಹಾಗೆ ಬೀದಿ ನೋಡತೊಡಗಿದರು. ಸದ್ದಿಗೆ ಟೀಚರ್ ಗೇಟಿಗೆ ಬಂದರು. "ಇದೇನ್ರಿ ಅಣ್ಣಾರೆ?"

ನಾನು ಧೈರ್ಯವಾಗಿ, ಕಣ್ಣು ತೆರೆದುಕೊಂಡೇ ಹೇಳಿದೆ: "ಟೀಚರ್, ಆವತ್ತು ನಾನು ದೇವರತ್ರ ಮಾತಾಡ್ಲಿಲ್ಲ. ದೇವರನ್ನ ಅಡ್ಡ ಇಟ್ಕೊಂಡು ನಿಮಗ ಚುಚ್ಚಿದೆ. ನಿಮ್ಮ ಮನೆಯೋರನ್ನ ಎಳೆದು ತಂದು ಚುಚ್ಚಿದೆ. ತಪ್ಪಾತು."

ಟೀಚರ್ ಆಟೋದ ಹತ್ತಿರ ಬಂದು ಬೆಂಚನ್ನು ಮುಟ್ಟಿ ನೋಡಿದರು. ಆಮೇಲೆ, "ಬೆನ್ನು ಒಂಚೂರು ಓರೆ ಆದಂಗೈತಲ್ಲ?" ಅಂದರು.

"ಓರೆ ಅಲ್ಲ ಟೀಚರ್, ಒರಗೋಕೆ!" ಅಂತ ಕೂಗಿದೆ. ಎದುರು ಮನೆಯ ಕಿಟಕಿ ತೆರೆಯಿತು.

ಟೀಚರ್ ಸೆರಗು ಬಾಯಿಗೆ ಹಿಡಿದು ನಕ್ಕರು. "ಇಳಿಸಿ ಮಾತಾಡ್ರಿ, ಇಳಿಸಿ. ಒಳಗ ಬರ್ರಿ, ಚಹಾ ಇಡ್ತೀನಿ." ಸುವಾರ್ತಾ, ಚಹಾ ಸ್ಟೀಲ್ ಲೋಟದಲ್ಲಿ ಬಂತು. ಸಕ್ಕರೆ ಬೇಕಂತಲೇ ಕಮ್ಮಿ ಹಾಕಿದ್ದರು. ನಾನೇ ಎದ್ದು ಹೋಗಿ ಡಬ್ಬಿ ತೆಗೆದೆ.

ನಿನ್ನೆ ಭಾನುವಾರ ಟೀಚರ್ ಬಂದರು. ಮಕ್ಕಳು ಅವರ ಸೀರೆಗೆ ಜೋತುಬಿದ್ದರು. ನಾನು ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿಕೊಂಡಿದ್ದೆ. ಎಲ್ಲ ಹಾಡನ್ನೂ ಇಳಿಸಿ ಹಾಡಿದೆ, ಕೊನೆಯ ಹಾಡನ್ನಂತೂ ನನಗೇ ಕೇಳಿಸದಷ್ಟು. ಅದರಿಂದ ಏನಾಯಿತು ಗೊತ್ತೆ? ಹೊರಗೆ ಬೆಂಚಿನ ಮೇಲೆ ಒರಗಿದ್ದ ಬಕ್ಕೇಶಪ್ಪನವರಿಗೆ ಗಂಟೆ ಕೇಳಲಿಲ್ಲ! ಕಾದು ಕಾದು, ಹೆಂಡತಿಗೆ ಏನಾಯಿತೋ ಅಂತ ಗಾಬರಿಯಾಗಿ, ಚಪ್ಪಲಿ ಬಿಟ್ಟು ಬಾಗಿಲಿಗೇ ಬಂದರು. ನಾವೆಲ್ಲ ಆಶೀರ್ವಾದಕ್ಕೆ ತಲೆ ಬಗ್ಗಿಸಿ ನಿಂತಿದ್ದೆವು. ಆ ಮೌನದಲ್ಲಿ ಹಿಂದಿನಿಂದ ಒಂದು ದನಿ: "ಮುಗೀತೇನ್ರಿ?"

ಇಡೀ ಸಭೆ ತಿರುಗಿ ನೋಡಿತು. ಬಾಗಿಲಲ್ಲಿ ವಿಭೂತಿ ಹಚ್ಚಿದ ಹಣೆ, ಕೈಯಲ್ಲಿ ಮಡಚಿದ ಪೇಪರ್. ಅಯ್ಯನವರು ಎತ್ತಿದ ಕೈಯನ್ನು ಹಾಗೇ ಹಿಡಿದು, "ಇನ್ನೊಂದೇ ನಿಮಿಷ ಬಕ್ಕೇಶಪ್ಪಾರೆ" ಅಂತ ನಕ್ಕು, ಆಶೀರ್ವಾದ ಮುಗಿಸಿದರು. ನನ್ನ ನಾಲಿಗೆ ತುದಿಗೆ ಒಂದು ದೊಡ್ಡ ಹಲ್ಲೆಲೂಯ ಬಂದಿತ್ತು. ಹಲ್ಲು ಕಚ್ಚಿ ಅದನ್ನು ನುಂಗಿದೆ. ಅವರು ಬಂದದ್ದು ಹೆಂಡತಿಗಾಗಿ. ಅದನ್ನು ನನ್ನ ಗೆಲುವು ಮಾಡಿಕೊಳ್ಳಬಾರದು ಅನ್ನಿಸಿತು. ಇದು ನನ್ನ ಜೀವನದಲ್ಲೇ ನಾನು ಮಾಡಿದ ದೊಡ್ಡ ಸಾಹಸ, ಬೇಕಾದರೆ ಎಲ್ಲರಿಗೂ ಹೇಳು.

ಹೊರಗೆ ಚಹಾ ಕುಡಿಯುವಾಗ ಟೀಚರ್ ನನ್ನ ಹತ್ತಿರ ಬಂದು, "ಅಣ್ಣಾರೆ, ಕೊನೇ ಹಾಡು ಮಾತ್ರ ಮೊದಲಿನಂಗೇ ಜೋರಾಗಿ ಹಾಡ್ರಿ. ನಮ್ಮ ಮನೆಯೋರಿಗೆ ತ್ರಾಸಾಗ್ತೈತೆ" ಅಂದರು. ಕೇಳಿದೆಯಾ? ಟೀಚರೇ ಬಾಯಿಬಿಟ್ಟು ಕೇಳಿಕೊಂಡ ದನಿ ಇದು!

ಮುಖ್ಯ ವಿಷಯ ಈಗ. ಬರುವ ತಿಂಗಳು ಇಲ್ಲಿ ನಮ್ಮ ಚರ್ಚಿನಲ್ಲಿ ನಡೆಯುವ ದೀಕ್ಷಾಸ್ನಾನಕ್ಕೆ ಕೂಸನ್ನು ಟೀಚರೇ ಎತ್ತಿಕೊಳ್ಳುತ್ತಾರೆ. ಕೂಸಿಗೆ ಚುಚ್ಚುವ ಜರಿ ಬಟ್ಟೆ ಬೇಡ, ಹತ್ತಿಯದು ತಾ ಅಂತ ಹೇಳಿದ್ದಾರೆ. ಆಮೇಲೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಬಕ್ಕೇಶಪ್ಪನವರ ಕಡೆಯಿಂದ. ನೀನು ಹೇಳಿದ ಕೆಲಸ ಮಾಡಿ ಮುಗಿಸಿದ್ದೇನೆ. ಇನ್ನಾದರೂ ಫೋನ್ ಎತ್ತು.

ನಿನ್ನನ್ನು ಹೆಗಲ ಮೇಲೆ ಹೊತ್ತು ಸಾರಥಿಯ ಓಣಿಗಳಲ್ಲೆಲ್ಲ ಮೆರೆಸಿದ,
ಜೀವರತ್ನ ಮಾವ

ಮರೆತ ಮಾತು: ಕಾಗದವನ್ನು ನಿನ್ನ ಅತ್ತೆ ಓದಿದಳು. ಟೀಚರ ಗೇಟಿನ ಮುಂದೆ ನಾನು ಧೈರ್ಯವಾಗಿ ಹೇಳಿದೆ ಅಂತ ಬರೆದದ್ದು ಸುಳ್ಳಂತೆ, ನಾನು ಗಳಗಳ ಅತ್ತುಬಿಟ್ಟೆ ಅಂತ ಹಿದಾಯತ್ ಅವಳಿಗೆ ಹೇಳಿದ್ದಾನೆ. ವೆಲ್ಡಿಂಗ್ ಮಾಡುವವರ ಕಣ್ಣಲ್ಲಿ ನೀರು ಬರುವುದು ಸಹಜ. ಮತ್ತೆ ಬೆಂಚು ಉದ್ದವಾದದ್ದು ಪೈಪು ಉಳಿದದ್ದಕ್ಕಲ್ಲ. ಟೀಚರ್ ಬಂದ ಮೇಲೂ ನಿನ್ನ ಸಿಟ್ಟು ಇಳಿಯದೆ, ನೀನು ನನ್ನನ್ನು ಒಳಗೆ ಕರೆಯದಿದ್ದರೆ, ಆ ದಿನ ಬಕ್ಕೇಶಪ್ಪನವರ ಪಕ್ಕದಲ್ಲಿ ಕೂತು ಕೂಸಿನ ಹೆಸರು ಕೂಗುವುದನ್ನು ಅಲ್ಲಿಂದಲೇ ಕೇಳೋಣ ಅಂತ ಇಬ್ಬರು ಕೂಡುವ ಅಳತೆಗೆ ಮಾಡಿದೆ.