ದುಬೈಯಲ್ಲಿ ಪುಕ್ಕಟೆ ಓಡುವ ಜಾಗಗಳು

ಕಲಂಗುಟ, ಗೋವಾ
೯ ಫೆಬ್ರವರಿ ೨೦೨೫

ಕುಬೇರ ಅವರಿಗೆ, ರೇಣುವಿನ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಿಮ್ಮ ಅವ್ವ ಕ್ಷೇಮವಾಗಿದ್ದಾರೆ, ಅಷ್ಟನ್ನೇ ಬರೆಯುತ್ತೇನೆ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಗೊಡುವುದಿಲ್ಲ. ಕಾಗದದ ನಡುವೆ ಬಾಯಿ ಹಾಕಲಾಗದು ಎಂದೇ ಇದನ್ನು ದುಬೈಗೆ ಹೊರಟಿರುವ ಅನಿಲನ ಕೈಗೆ ಕೊಡುತ್ತಿದ್ದೇನೆ.

ಕುಡಚಡೆಯಲ್ಲಿ ಗಣಿ ನಿಂತು, ನಿಮ್ಮ ಟ್ರಕ್ಕೂ ನಿಂತು, ನೀವು ಅಲ್ಲಿಗೆ ಡ್ರೈವರ್ ಆಗಿ ಹೋದ ಮೇಲೆ ನಾನು ಅತ್ತೆಯ ಜೊತೆ ದಂಡೆಯಲ್ಲಿ ಮಣಿಸರ, ಕನ್ನಡಿ ಕಸೂತಿಯ ಚೀಲ ಮಾರುತ್ತ ಇದ್ದೆ. ಪರವಾನಗಿ ಕೇಳುವ ತಪಾಸಣೆಯವರು ಬಂದಾಗಲೆಲ್ಲ ಗಂಟು ಹೊತ್ತು ಓಡಿ ಓಡಿ ನನಗೆ ಓಟ ಮೈಗೂಡಿತು. ಆಮೇಲೆ ಯಾರೂ ಬೆನ್ನು ಹತ್ತದಿದ್ದರೂ ಬೆಳಗಿನಲ್ಲಿ ಒದ್ದೆ ಮರಳಿನ ಮೇಲೆ ಓಡತೊಡಗಿದೆ. ಪಣಜಿಯ ಓಟದಲ್ಲಿ ಪದಕ ಬಂದ ದಿನ ಓಣಿಯ ಜನ ನಕ್ಕರು. ನೀವೊಬ್ಬರೇ ಫೋನಿನಲ್ಲಿ, “ಓಡು ರೇಣು, ಯಾರ ಮಾತೂ ಕೇಳಬ್ಯಾಡ” ಎಂದಿರಿ. ಆ ಒಂದು ಮಾತಿನ ಮೇಲೆ ನಾನು ಎಷ್ಟು ದಿನ ಬದುಕಿದೆನೆಂದು ನಿಮಗೆ ಗೊತ್ತಿಲ್ಲ.

ಅತ್ತೆ ಹಟ ಹಿಡಿದದ್ದಕ್ಕೆ ನೀವು ವೀಸಾ ಕಳಿಸಿದಿರಿ. ನಾನು ಅಲ್ಲಿ ಬಂದಿಳಿದ ಮರುದಿನವೇ ನಸುಕಿನಲ್ಲಿ ಎಬ್ಬಿಸಿ, ಬಸ್ಸು ಹತ್ತಿಸಿ, ಸಮುದ್ರದ ದಂಡೆಗೆ ಕಳಿಸಿದಿರಿ. “ಜಿಮ್ಮಿಗೆ ರೊಕ್ಕ ಬೇಕು. ಅಲ್ಲಿ ಓಡಾಕ ಯಾರೂ ಏನೂ ಕೇಳಂಗಿಲ್ಲ” ಎಂದಿರಿ. ಖರೇ ಇತ್ತು. ಕಾಲಿಟ್ಟರೆ ಮೆತ್ತಗೆ ಪುಟಿಯುವ ಓಟದ ಹಾದಿ, ಒಂದು ಪಕ್ಕ ನೀರು. ತಲೆಗೆ ಬಟ್ಟೆ ಸುತ್ತಿದ ಹೆಂಗಸರು ನನ್ನ ಜೊತೆಜೊತೆಗೇ ಓಡಿದರು. ಮರುದಿನ ಕಾಲುವೆಯ ದಡ, ಆಮೇಲೆ ಬರ್ಶಾದ ಕೆರೆಯ ಸುತ್ತ. ಟಿಕೆಟ್ಟಿಲ್ಲದ ಒಂದೊಂದು ಜಾಗವನ್ನೂ ನೀವು ಹುಡುಕಿಟ್ಟಿದ್ದಿರಿ. ಮರುಭೂಮಿಯ ಊರಲ್ಲಿ ನನಗಾಗಿ ಇಷ್ಟು ನೀರು ಹುಡುಕಿದ ಗಂಡ ಎಂದು, ಕೆರೆಯ ಕಟ್ಟೆಯ ಮೇಲೆ ಕೂತು ಒಬ್ಬಳೇ ಅತ್ತಿದ್ದೆ.

“ಎಂಟರ ಒಳಗ ಬರಬ್ಯಾಡ. ಬಾಜೂ ಖೋಲಿ ಗಂಡಸ್ರು ಜಳಕಕ್ಕ ಸಾಲು ಹಚ್ಚಿರ್ತಾರ, ನಿನಗ ಮುಜುಗರ” ಎಂದಿದ್ದಿರಿ. ಅದೂ ನನ್ನ ಮಾನದ ಕಾಳಜಿ ಅಂದುಕೊಂಡೆ. ದಿನದಿಂದ ದಿನಕ್ಕೆ ಜಾಗ ದೂರವಾಗುತ್ತ ಹೋದದ್ದು ಹೊಳೆಯಲಿಲ್ಲ.

ಆ ಶುಕ್ರವಾರ ಮರಳುಗಾಳಿ ಎದ್ದಿತು. ಕಣ್ಣು ಬಿಡಲಾಗದೆ, ಓಡದೆಯೇ ಮರಳಿ ಬಸ್ಸು ಹತ್ತಿದೆ. ಖೋಲಿಯ ಬಾಗಿಲು ತೆರೆದಿತ್ತು. ನಮ್ಮ ಹಾಸಿಗೆಯ ಮೇಲೆ ಒಬ್ಬ ಹೆಣ್ಣುಮಗಳು ಕೂತು ಒದ್ದೆ ಕೂದಲು ಬಾಚಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಲಿಲ್ಲ, ಸಂತೋಷದಿಂದ ಎದ್ದು ನಿಂತಳು.

“ಬರ್ರಿ ಅಕ್ಕಾ! ನಾ ದ್ರಾಕ್ಷಾಯಿಣಿ ರೀ. ನಿಮ್ಮ ತಮ್ಮ ನಿಮ್ಮ ಓಟದ ಬಗ್ಗೆ ಭಾಳ ಹೇಳ್ಯಾರ. ದವಾಖಾನ್ಯಾಗ ನಂದು ರಾತ್ರಿ ಡ್ಯೂಟಿ ರೀ. ಮುಗದ ಮ್ಯಾಲ ದಿನಾ ಇಲ್ಲೇ ಬರ್ತೇನಿ, ನೀವಽ ಸಿಗವಲ್ರಿ” ಎಂದಳು.

ಅಷ್ಟರಲ್ಲಿ ನೀವು ಜಳಕ ಮುಗಿಸಿ ಬಂದಿರಿ. ಟವೆಲ್ಲು ಕೈಯಲ್ಲೇ ಉಳಿಯಿತು. ನನ್ನನ್ನು ನೋಡಿದಿರಿ, ಅವಳನ್ನು ನೋಡಿದಿರಿ. ಆಮೇಲೆ ಹೇಳಿದಿರಿ: “ಲಗೂ ಬಂದಿ ಚಲೋ ಆತು ಅಕ್ಕಾ, ಗಾಳಿ ಭಾಳ ಐತಿ.”

ಅಕ್ಕಾ! ತಾಳಿ ಕಟ್ಟಿದ ಬಾಯಿಂದಲೇ.

ಕಿರುಚಬಹುದಿತ್ತು. ಆದರೆ ಆ ಹುಡುಗಿ ನನಗಾಗಿ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದಳು, ಅವಳ ಮುಖದಲ್ಲಿ ಕಪಟ ಇರಲಿಲ್ಲ. ನಾನು ಚಹಾ ಕುಡಿದೆ. ಅವಳು ನನ್ನ ನಂಬರ್ ಕೇಳಿದಳು, ಕೊಟ್ಟೆ. ಅವಳು ಹೋದ ಮೇಲೆ ನೀವು ಕಾಲು ಹಿಡಿದಿರಿ, “ಒಬ್ಬಂವಾ ಇರೋದು ಆಗಲಿಲ್ಲ ರೇಣು” ಎಂದಿರಿ. ನಾನೂ ಇಲ್ಲಿ ಒಬ್ಬಳೇ ಇದ್ದೆ ಎಂಬುದು ನಿಮಗೆ ನೆನಪೇ ಆಗಲಿಲ್ಲ.

ನೀವು ಇನ್ನೊಬ್ಬಳನ್ನು ಕೂಡಿಕೊಂಡಿರಿ. ಅಂಥ ಗಂಡಸರ ಕಥೆಗಳು ನಮ್ಮ ಓಣಿಯಲ್ಲೂ ಇವೆ. ಆದರೆ ಅವರು ಯಾರೂ ಹೆಂಡತಿಯ ಪ್ರೀತಿಯ ವಸ್ತುವನ್ನೇ ಹಿಡಿದು ಆಕೆಯನ್ನು ಹೊರಗೆ ಹಾಕಲಿಲ್ಲ. ನಾಯಿಗೆ ರೊಟ್ಟಿ ತುಂಡು ದೂರ ಎಸೆದಂತೆ ನೀವು ನನಗೆ ದಂಡೆ, ಕಾಲುವೆ, ಕೆರೆ ಎಸೆದಿರಿ. ನಾನು ಬಾಲ ಅಲ್ಲಾಡಿಸುತ್ತ ಓಡಿದೆ.

ಊರಿಗೆ ಬಂದ ಮೇಲೆ ಬೂಟು ಕಟ್ಟಲು ಕೈ ಬರಲಿಲ್ಲ. ಅತ್ತೆ ಕೇಳಿ ಕೇಳಿ ಕೊನೆಗೆ ಬಾಯಿ ಬಿಡಿಸಿದರು. ಕೇಳಿಸಿಕೊಂಡು, ಪೋಣಿಸುತ್ತಿದ್ದ ಮಣಿಸರಕ್ಕೆ ಗಂಟು ಹಾಕಿದರು. ಆಮೇಲೆ, “ಈ ಮನಿ ನಂದು. ಅಂವಾ ಬಂದ್ರ ಹೊರಗ ನಿಂತು ಮಾತಾಡಲಿ. ನೀ ನಾಳೆ ಓಡಾಕ ಹೋಗು, ನಾ ದಂಡ್ಯಾಗ ಕುಂದರ್ತೇನಿ” ಎಂದರು. ಹೇಳಿದಂತೆ ಬಂದು ಕೂತರು. ಮೊಣಕಾಲು ನೋವಿನಲ್ಲೂ. ನಾನು ಬಾಗಾ ದಂಡೆಯ ತನಕ ಓಡಿ ಬಂದೆ.

ವೀಸಾ ಕಳಿಸಬೇಡಿ. ಕ್ಷಮೆ ಕೇಳಿ ಫೋನ್ ಮಾಡಬೇಡಿ.

ಇತಿ,
ಗಂಗೀಬಾಯಿಯ ಸೊಸೆ,
ರೇಣು

ತಾ.ಕ.: ನಿನ್ನೆ ದ್ರಾಕ್ಷಾಯಿಣಿ ಫೋನ್ ಮಾಡಿದ್ದಳು. “ಅಕ್ಕಾ, ಮುಂದಿನ ತಿಂಗಳು ನಮ್ಮ ಲಗ್ನ ರೀ. ಆರತಿ ನೀವಽ ಹಿಡೀಬೇಕು” ಎಂದಳು. ನೀವು ಇದನ್ನು ಓದುವ ಹೊತ್ತಿಗೆ ಆಕೆ ನಿಮ್ಮ ಖೋಲಿಗೆ ಬರುವುದು ಬಿಟ್ಟಿರುತ್ತಾಳೆ. ನಾನು ನಿಮ್ಮ ಅಕ್ಕನಲ್ಲ ಎಂದು ಅವಳಿಗೆ ಹೇಳಿದ್ದೇನೆ.